ಹಿಂದಿನ ಬೆಂಚಿನಲ್ಲಿ ಸರ್

ಪಕ್ಕದ ಮನೆಯವರು ಸವಣೂರಿಗೆ ಹೋದವರು ಖಾರಾ ತಂದುಕೊಟ್ಟರು. ಪೊಟ್ಟಣ ಬಿಚ್ಚಿದೊಡನೆ ಕರಿದ ಬೆಳ್ಳುಳ್ಳಿಯ ವಾಸನೆ. ಖಾರಾ ಅಗಿಯುವ ಶಕ್ತಿ ನನ್ನ ಹಲ್ಲುಗಳಿಗೆ ಇನ್ನಿಲ್ಲ... ಮೂಗಿಗೆ ಮಾತ್ರ ವಯಸ್ಸಾಗಿಲ್ಲ. ಅದು ನನ್ನನ್ನು ನೇರವಾಗಿ ನಮ್ಮ ಸರ್ ಹತ್ತಿರ ಕರೆದೊಯ್ದಿತು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತ ನಾನು ಧಾರವಾಡದಲ್ಲಿ ಸರ್ ಕೈಕೆಳಗೆ ಆಲ್ಜೀಬ್ರಾದಲ್ಲಿ ರಿಸರ್ಚ್ ಮಾಡುತ್ತಿದ್ದೆ. ಅವರಿಗೆ ಒಂದೇ ಹುಚ್ಚು: ರಿಸರ್ಚ್ ಹುಡುಗರದೇ ಒಂದು ಕಾನ್ಫರೆನ್ಸ್ ಆಗಬೇಕು. ಪೇಪರ್ ಓದುವವರು ಹುಡುಗರು. ಪ್ರೊಫೆಸರುಗಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರಬೇಕು.

"ಧಾರವಾಡದಾಗ ಮಾಡಿದ್ರ ಹುಡುಗೂರು ಅಂಜತಾವು. ನಮ್ಮೂರಾಗ ತಪ್ಪು ಮಾಡ್ಲಿ, ಯಾರೂ ನಗಂಗಿಲ್ಲ," ಎನ್ನುತ್ತ ತಮ್ಮೂರು ಸವಣೂರಿನಲ್ಲಿ ಶಾಲೆಯೊಂದರ ಹಾಲ್ ಗೊತ್ತು ಮಾಡಿದರು. ಹಿರಿಯ ಪ್ರೊಫೆಸರ್ ಒಬ್ಬರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವರ್ಷಾ ವರ್ಷ ನಡೆಯುತ್ತದೆ. ಇಲ್ಲದಿದ್ದರೆ ಇದೇ ಮೊದಲು, ಇದೇ ಕೊನೆ.

ಓಡಾಟವೆಲ್ಲ ಸರ್ ಒಬ್ಬರದೇ. ಜಮಖಾನೆಗೆಂದು ಮಠಕ್ಕೆ, ದೊಡ್ಡ ಬ್ಲ್ಯಾಕ್‌ಬೋರ್ಡಿಗೆಂದು ಶಿಗ್ಗಾವಿಗೆ... ಬಸ್ಸಿನ ಧೂಳಿನಲ್ಲಿ ಅವರ ಕಣ್ಣು ಒಳಗೆ ಹೋಗಿದ್ದವು. ಹಾನಗಲ್ಲು, ಹಿರೇಕೆರೂರಿನ ಮಾಸ್ತರರೂ ಬರಲಿ ಎಂದು ಕನ್ನಡದಲ್ಲಿ ಹ್ಯಾಂಡ್‌ಬಿಲ್ ಮಾಡಿಸಿದರು. ಪ್ರೆಸ್ಸಿನವನು ಸಾಲಿನಲ್ಲಿ ಹಿಡಿಸದೆ 'ಬೀಜಗಣಿತ'ವನ್ನು ಮುರಿದಿದ್ದ. ಮೇಲೆ ದಪ್ಪಕ್ಷರದಲ್ಲಿ 'ಬೀಜ'. ಕೆಳಗೆ ಸಣ್ಣಗೆ 'ಗಣಿತ ಸಮ್ಮೇಳನ'. ಬಸ್ ಸ್ಟ್ಯಾಂಡಿನ ಗೋಡೆಗಳಿಗೆಲ್ಲ ಅಂಟಿಸಿಯಾದ ಮೇಲೆ ನಾವು ನೋಡಿದ್ದು.

ಕಾನ್ಫರೆನ್ಸಿನ ದಿನ ಬೆಳಗ್ಗೆ ಪುಣೆ, ಮುಂಬಯಿಯ ಹುಡುಗರಿಗಿಂತ ಮೊದಲೇ ಹಾಲ್ ಅರ್ಧ ತುಂಬಿತ್ತು. ರುಮಾಲು ಸುತ್ತಿದ ರೈತರು, ಕೈಯಲ್ಲಿ ಜೋಳದ, ಹತ್ತಿಕಾಳಿನ ಗಂಟು.

ಚಿಕ್ಕೇರೂರಿನ ಹಿರಿಯರೊಬ್ಬರು ಎದ್ದರು. "ಬೀಜದ ಲೆಕ್ಕಾ ಹೇಳ್ತೀರಂತಲ್ರೀ. ಎಕರೆಕ್ಕ ಎಷ್ಟ್ ಸೇರು ಹಾಕೂಣು?"

"ಇದು ಆ ಬೀಜ ಅಲ್ರೀ ಯಜಮಾನ್ರ," ಸರ್ ಕೈಮುಗಿದರು. "ಗೊತ್ತಿಲ್ಲದ್ದಕ್ಕ ಒಂದು ಅಕ್ಷರಾ ಇಟ್ಟು ಹುಡುಕೂದು."

"ಸಿಗತೈತೇನ್ರಿ?"

"ಒಮ್ಮೊಮ್ಮೆ."

"ಹಂಗಾರ ಇದೂ ನಮ್ಮ ಒಕ್ಕಲತನದಂಗನ ಬಿಡ್ರಿ!"

ಹಾಲ್ ನಕ್ಕಿತು. ಹಿರಿಯ ಪ್ರೊಫೆಸರ್ ನಗಲಿಲ್ಲ. "ವಾಟ್ ಈಸ್ ದಿಸ್, ಎ ಬಝಾರ್?" ಎಂದರು. ಆದರೆ ಊರಿಗೆ ಮರಳುವ ಬಸ್ಸು ಇದ್ದದ್ದು ಸಂಜೆಗೆ. ಬಂದವರನ್ನು ಬಿಸಿಲಿಗೆ ಅಟ್ಟಲು ಸರ್ ಒಪ್ಪಲಿಲ್ಲ. "ಕುಂತ್ಕೊಳ್ರಿ, ಖಾರಾ, ಚಹಾ ಐತಿ," ಎಂದರು.

ಮೊದಲ ಪೇಪರ್ ನನ್ನದು, ರಿಂಗ್ ಥಿಯರಿಯಲ್ಲಿ. ಅರ್ಧಕ್ಕೆ ಬಂದಾಗ ಪ್ರೂಫ್ ನಿಂತುಬಿಟ್ಟಿತು. ಬೋರ್ಡಿನ ಕಡೆ ಮುಖ ಮಾಡಿ ನಿಂತೆ. ಪ್ರೊಫೆಸರ್ ಉತ್ತರ ಹೇಳಲು ಎದ್ದ ಸದ್ದಾಯಿತು. ತಿರುಗಿ ನೋಡಿದರೆ, ಪ್ರೊಫೆಸರರ ತೋಳು ಹಿಡಿದು ಸರ್ ಕೂರಿಸುತ್ತಿದ್ದಾರೆ. ತಮಗಿಂತ ಹಿರಿಯರನ್ನು, ಎಲ್ಲರೆದುರಿಗೆ!

"ಗಡಿಬಿಡಿ ಬ್ಯಾಡ ತಂಗಿ," ಚಿಕ್ಕೇರೂರಿನ ಅಜ್ಜ ಅಂದರು, "ಬಸ್ಸು ಸಂಜೀಕ ಐತಿ."

ನನಗೇ ನಗು ಬಂತು. ಬೋರ್ಡ್ ಒರೆಸಿ ಮೊದಲಿನಿಂದ ಶುರು ಮಾಡಿದೆ. ಈ ಸಲ ದಾರಿ ಸಿಕ್ಕಿತು.

ಪ್ರೊಫೆಸರ್ ಊಟಕ್ಕೆ ನಿಲ್ಲಲಿಲ್ಲ. ಎರಡನೇ ಕಾನ್ಫರೆನ್ಸ್ ಎಂದೂ ನಡೆಯಲಿಲ್ಲ. ಅಂದು ಎಲ್ಲರೂ ಹೋದ ಮೇಲೆ ಜಮಖಾನೆ ಮಡಚುತ್ತ, "ಸರ್, ಅವರನ್ನ ಮಾತಾಡಾಕ ಬಿಡಬೇಕಿತ್ತು," ಎಂದೆ.

"ಬಿಟ್ಟಿದ್ರ ಆ ಪ್ರೂಫ್ ಅವರದಾಗ್ತಿತ್ತವ್ವಾ," ಎಂದವರು ಗೋಡೆಗೊರಗಿ ಕಣ್ಣು ಮುಚ್ಚಿದರು. "ದಣಿವಾಗೇತಿ, ಅಷ್ಟ."

ಮುಂದೆ ನಾನೂ ಪ್ರೊಫೆಸರ್ ಆದೆ. ಹುಡುಗಿಯೊಬ್ಬಳು ಬೋರ್ಡಿನ ಮುಂದೆ ತಡವರಿಸಿದಾಗ, ನಾಲಿಗೆಯ ತುದಿಗೆ ಬಂದ ಉತ್ತರ ನುಂಗಿಕೊಳ್ಳುವುದು ಎಷ್ಟು ಟೈರಿಂಗ್ ಎಂದು ತಿಳಿಯಿತು. ಸರ್‌ಗೆ ಹೇಳಬೇಕೆಂದುಕೊಂಡೆ... ಅಷ್ಟರಲ್ಲಿ ಅವರು ಇರಲಿಲ್ಲ.

ಈಗ ಹೆಸರುಗಳು, ಸಣ್ಣ ಸಣ್ಣ ಮಾತುಗಳು ಅರ್ಧಕ್ಕೇ ಕೈಕೊಡುತ್ತವೆ. ನಾನು ತಡವರಿಸಿದೊಡನೆ ಮಗಳು ಪಟ್ಟನೆ ಹೇಳಿಬಿಡುತ್ತಾಳೆ, ಪ್ರೀತಿಯಿಂದಲೇ. ನನಗೇ ಸಿಗಲಿ ಎಂದು ಕಾಯುವವರು ಈಗ ಇಲ್ಲ.