ಅರಿಶಿನ ಹಚ್ಚಿದ ಬರ್ತ್‌ಡೇ ಕಾರ್ಡು

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬಂದು ಬಾಡಿಗೆ ಮನೆ ಹಿಡಿದ ವರ್ಷ ನಮ್ಮ ಮಗಳು ನಾಲ್ಕನೇ ಕ್ಲಾಸು. ನನ್ನ ಗಂಡನಿಗೆ ವರ್ಗವಾದದ್ದು ಶಾಲೆ ಶುರುವಾದ ಮೇಲೆ. ಅಷ್ಟರೊಳಗೆ ಹೊಸ ಶಾಲೆಯಲ್ಲಿ ಯಾರು ಯಾರ ಜೊತೆ ಎಂಬುದೆಲ್ಲ ತೀರ್ಮಾನವಾಗಿಹೋಗಿತ್ತು. ಇವಳಿಗೆ ಉಳಿದಿದ್ದು ಕೊನೆಯ ಬೆಂಚು. ಪಕ್ಕದಲ್ಲಿ ಕೂರುವ ಹುಡುಗಿ ರಬ್ಬರ್ ಕೇಳಿದರೆ ಕೊಡುತ್ತಿದ್ದಳಂತೆ, ಮಾತು ಮಾತ್ರ ಇಲ್ಲ. ದಿನಾ ಸಂಜೆ ಬ್ಯಾಗು ಕೆಳಗಿಟ್ಟು, "ಇವತ್ತೂ ಯಾರೂ ಆಟಕ್ಕೆ ಕರೀಲಿಲ್ಲ" ಎನ್ನುತ್ತಿದ್ದಳು. ಅತ್ತಾದರೂ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಇವತ್ತು ಮಧ್ಯಾಹ್ನ ಪಲ್ಯ ಚೆನ್ನಾಗಿತ್ತು ಎನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದಳು.

"ಈ ಸಲ ಬರ್ತ್‌ಡೇ ಜೋರಾಗಿ ಮಾಡುವ, ಕ್ಲಾಸಿನವರನ್ನೆಲ್ಲ ಕರೆಯುವ" ಎಂದು ನಾನೇ ಹೇಳಿದೆ.

"ಯಾರೂ ಬರದಿದ್ರೆ?"

"ಬರದೆ ಎಲ್ಲಿ ಹೋಗ್ತಾರೆ?" ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ, ಮೊದಲು ಆಡುವುದು, ಯೋಚನೆ ಆಮೇಲೆ. ನಿಜ ಹೇಳಬೇಕೆಂದರೆ ದೊಡ್ಡವರಾದ ನಮ್ಮನ್ನೇ ಆ ಊರಲ್ಲಿ ಯಾರೂ ಒಂದು ಕಾರ್ಯಕ್ಕೆ ಕರೆದಿರಲಿಲ್ಲ. ಅಷ್ಟು ಬಳಕೆ ಇನ್ನೂ ಆಗಿರಲಿಲ್ಲ.

ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದರೆ ಮುಗಿಯಿತಲ್ಲ ಎಂದರು ಗಂಡ. ಮಗಳು ಒಪ್ಪಲಿಲ್ಲ. ಮೆಸೇಜಿಗಾದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ, ಕಾರ್ಡು ಕೈಗೆ ಕೊಟ್ಟರೆ ಬರಲೇಬೇಕಾಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ಡ್ರಾಯಿಂಗ್ ಶೀಟು ತಂದು ಕತ್ತರಿಸಿ, ಮಡಚಿ, ನೆಲದ ಮೇಲೆ ಮೂರು ಸಂಜೆ ಬಗ್ಗಿ ಕುಳಿತು ಬರೆದಳು. ಪ್ರತಿಯೊಂದರ ಮೇಲೂ ಒಂದು ಕೇಕು. ಅವಳ ಸ್ಕೆಚ್ ಪೆನ್ನುಗಳೆಲ್ಲ ಒಣಗಿ ಕಡ್ಡಿಯಾಗಿದ್ದವು, ಬರೆಯುತ್ತಿದ್ದದ್ದು ಕಪ್ಪು ಒಂದೇ. ಹಾಗಾಗಿ ಕೇಕೂ ಕಪ್ಪು, ಅಕ್ಷರವೂ ಕಪ್ಪು, ಸುತ್ತ ಹಾಕಿದ ಗೆರೆಯೂ ಕಪ್ಪು.

ನಮ್ಮ ಅತ್ತೆ ಒಂದನ್ನು ಎತ್ತಿ ನೋಡಿ ಹೌಹಾರಿದರು. "ಇದೆಂತ ಮಾರಾಯ್ತಿ, ತಿಥಿ ಕಾಗದ ಇದ್ದಂಗೆ ಇದೆ! ಇದನ್ನ ಕಂಡವರ ಮನೆಗೆ ಕೊಡೋದಾ?"

"ಅತ್ತೆ, ಮಕ್ಕಳು ಬರೆದದ್ದು. ಅದನ್ನೆಲ್ಲ ಯಾರು ನೋಡ್ತಾರೆ?"

"ನೋಡದೆ? ಹಾಗೇ ಕಳಿಸಿದ್ರೆ ಒಂದು ನರಪಿಳ್ಳೆ ಬರೂದಿಲ್ಲ, ಬರೆದಿಟ್ಕೋ."

ದೇವರ ಗೂಡಿನಿಂದ ಅರಿಶಿನದ ಬಟ್ಟಲು ತಂದು ನೀರು ಬೆರೆಸಿ, ಒಂದೊಂದು ಕಾರ್ಡಿನ ನಾಲ್ಕು ಮೂಲೆಗೂ ಹಚ್ಚಿದರು. ಕೇಕಿನ ನೆತ್ತಿಯ ಮೇಲೆ ಕುಂಕುಮ. ಮದುವೆ ಕಾಗದಕ್ಕೆ ಹಚ್ಚುವ ಹಾಗೆಯೇ. ಮಗಳು "ನನ್ನ ಕಾರ್ಡೆಲ್ಲ ಹಾಳಾಯ್ತು" ಎಂದು ಕೈಕಾಲು ಬಡಿದಳು. ನನಗೂ ಸಿಟ್ಟು ನೆತ್ತಿಗೇರಿತು, ಆದರೆ ಮತ್ತೆ ಬರೆಯಲು ಹಾಳೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಮಾರನೆಯ ದಿನ ಅರಿಶಿನದ ಕಾರ್ಡುಗಳನ್ನೇ ಮೋರೆ ಊದಿಸಿಕೊಂಡು ತೆಗೆದುಕೊಂಡು ಹೋದಳು.

ಇನ್ನು ಕೇಕು. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು ಹೊಯ್ದು ಒಳಗಿಟ್ಟರೆ ಆಯಿತು. ಹಿಟ್ಟೂ ಸುಲಭದ್ದೇ. ಸಣ್ಣ ರವೆ, ಮೊಸರು, ಸಕ್ಕರೆ, ಸ್ವಲ್ಪ ಎಣ್ಣೆ, ಏಲಕ್ಕಿ, ಕೊನೆಯಲ್ಲಿ ಚಿಟಿಕೆ ಸೋಡ. ಮೊದಲು ಮಾಡಿ ನೋಡಿದ್ದು ತಳ ಹತ್ತಿ ಕರಕಲಾಯಿತು. ಗಂಡ ಮಾತಾಡದೆ ತಿಂದರು. ತಳ ಕೆರೆದರೆ ಒಳ್ಳೆಯದೇ ಇದೆ ಎಂದರು ಅತ್ತೆ. ಬರ್ತ್‌ಡೇ ದಿನ, ಭಾನುವಾರ, ಮಾಡಿದ್ದು ಮಾತ್ರ ಚೆನ್ನಾಗಿ ಉಬ್ಬಿ ಬಂತು. ತಟ್ಟೆಗೆ ಬೋರಲು ಹಾಕಿದಾಗ ಒಡೆಯದೆ ಬಿತ್ತಲ್ಲ, ಆ ಖುಷಿಗೆ ನಾನು ಒಬ್ಬಳೇ ನಕ್ಕೆ.

ಕಾರ್ಡಿನಲ್ಲಿ ಬರೆದದ್ದು ಸಂಜೆ ನಾಲ್ಕು ಗಂಟೆ. ಮಗಳು ಮೂರೂವರೆಗೇ ಹೊಸ ಫ್ರಾಕು ಹಾಕಿ ಹೊರಗಿನ ಮೆಟ್ಟಿಲ ಮೇಲೆ ಕೂತಳು. ನಾಲ್ಕಾಯಿತು. ಯಾರೂ ಇಲ್ಲ. ನಾಲ್ಕೂವರೆಯಾಯಿತು. ಬೀದಿಯಲ್ಲಿ ಹೋದದ್ದು ಹಾಲಿನ ಸ್ಕೂಟರು ಒಂದೇ. ಅವಳು ಒಳಗೆ ಬಂದು ನೀರು ಕುಡಿದು ಮತ್ತೆ ಹೋಗಿ ಕೂತಳು, ನನ್ನ ಮುಖ ನೋಡಲಿಲ್ಲ. ಬರದೆ ಎಲ್ಲಿ ಹೋಗ್ತಾರೆ ಎಂದ ನನ್ನ ಬಾಯಿಗೆ ಎರಡು ಕೊಡಬೇಕೆನಿಸಿತು. ಅತ್ತೆಯ ಮೇಲೂ ಉರಿದುಬಿದ್ದೆ. "ಅರಿಶಿನ ಬಳಿದು ಮಕ್ಕಳು ನಗಾಡೋ ಹಾಗೆ ಮಾಡಿದ್ರಿ ನೀವು."

"ಸ್ವಲ್ಪ ತಡಿ. ಸೀರೆ ಉಡೂದು ಬೇಡ್ವಾ ಅವರು?" ಎಂದರು ಅತ್ತೆ.

ಯಾರು ಸೀರೆ ಉಡುವುದು, ನಾಲ್ಕನೇ ಕ್ಲಾಸಿನ ಮಕ್ಕಳಾ ಎಂದು ಕೇಳಬೇಕೆನ್ನುವಷ್ಟರಲ್ಲಿ ಹೊರಗೆ ಗಲಗಲ ಕೇಳಿತು. ಹೋಗಿ ನೋಡುತ್ತೇನೆ, ಮಕ್ಕಳ ಜೊತೆ ಅವರ ಅಪ್ಪ, ಅಮ್ಮ, ಅಜ್ಜಿ, ಕಂಕುಳಿನ ಕೂಸು. ಹೆಂಗಸರೆಲ್ಲ ರೇಷ್ಮೆ ಸೀರೆ, ತಲೆಗೆ ಹೂವು. ಒಬ್ಬ ಯಜಮಾನರು ಇಸ್ತ್ರಿ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದಿದ್ದರು.

"ನೀವೆಲ್ಲ ಬಂದದ್ದು ಭಾರಿ ಸಂತೋಷ" ಎಂದು ತೊದಲಿದೆ.

"ಅರಿಶಿನ ಹಚ್ಚಿದ ಕಾಗದ ಮನೆಗೆ ಬಂದ ಮೇಲೆ ಹುಡುಗರನ್ನ ಮಾತ್ರ ಕಳಿಸೋಕಾಗ್ತದಾ ಮಾರಾಯ್ರೆ?" ಎಂದರು ಪಂಚೆಯವರು. "ಕಾರ್ಯ ಎಂತದು ಅಂತ ಕೇಳಿದ್ರೆ ನಮ್ಮ ಹುಡುಗ ಕೇಕು ಅಂತಾನೆ. ಇರ್ಲಿ ಅಂತ ಹೊರಟ್ವಿ."

ಬೆಂಚಿನ ಹುಡುಗಿಯೂ ಬಂದಿದ್ದಳು. ಅವಳ ಅಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವವರು. ಮಗಳು ಎದ್ದು ನಿಂತು, ಆ ಹುಡುಗಿಯ ಕೈ ಹಿಡಿದು ದರದರ ಒಳಗೆ ಎಳೆದುಕೊಂಡು ಹೋದಳು.

ಸಂತೋಷವೇನೋ ಸರಿ, ಕೇಕು ಒಂದೇ. ಬರ್ಫಿಯಷ್ಟು ಸಣ್ಣದಾಗಿ ಕತ್ತರಿಸಿದರೂ ಮಕ್ಕಳಿಗೇ ಸಾಲದು. ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದೆ. ಹೊಲಿಯುವವರು ಹಿಂದೆಯೇ ಬಂದರು. ಕಾರ್ಯದ ಮನೆಯಲ್ಲಿ ಹೆಂಗಸರು ಹಾಗೇ ಕುರ್ಚಿಯಲ್ಲಿ ಕೂರುವುದಿಲ್ಲವಲ್ಲ. "ಎಂತ ಮಾಡೂದಿದೆ?" ಎಂದು ಸೆರಗು ಸಿಕ್ಕಿಸಿದರು. ನಾನು ಸಂಗತಿ ಹೇಳಿದೆ.

"ಅಷ್ಟೇಯಾ? ಇದೇ ಹಿಟ್ಟು ಇನ್ನೊಂದಿಷ್ಟು ಕಲಸಿ. ಇಡ್ಲಿ ತಟ್ಟೆಗೆ ಹೊಯ್ದು ಹಬೆಲಿ ಬೇಯಿಸುವ."

ಇನ್ನಿಬ್ಬರು ಬಂದು ಸೇರಿದರು. ಒಬ್ಬರು ಮೊಸರು ಕಡೆದರು, ಒಬ್ಬರು ತಟ್ಟೆಗೆ ಎಣ್ಣೆ ಸವರಿದರು. ಹಬೆಯಲ್ಲಿ ಬೆಂದು ಬಂದದ್ದನ್ನು ಕೇಕು ಎನ್ನಲು ನನಗೇ ಧೈರ್ಯ ಸಾಲಲಿಲ್ಲ. ಮೇಲೆ ಒಂದೊಂದು ಟೂಟಿ ಫ್ರೂಟಿ ಒತ್ತಿ ಕಳಿಸಿದೆವು. ಮಕ್ಕಳು ಕಿತ್ತಾಡಿಕೊಂಡು ತಿಂದರು. ಕುಕ್ಕರಿನಲ್ಲಿ ನಾನು ಕಷ್ಟಪಟ್ಟು ಮಾಡಿದ್ದರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ, ಅದು ಇವತ್ತಿಗೂ ನನಗೆ ಬೇಜಾರೇ.

ಇದನ್ನೆಲ್ಲ ಹಂಚುವ ಮೊದಲು, ಮೇಣದ ಬತ್ತಿ ಊದುವಾಗ ಇನ್ನೊಂದು ತಕರಾರು ಆಗಿತ್ತು. ಹುಟ್ಟಿದ ದಿನ ದೀಪ ಆರಿಸೋದುಂಟಾ ಎಂದರು ಅತ್ತೆ. ಬಂದ ಅಜ್ಜಿಯರೆಲ್ಲ ಹೌದು ಹೌದೆಂದು ಅವರ ಕಡೆ ಸೇರಿದರು. ಕಡೆಗೆ ಬತ್ತಿ ಉರಿಯುತ್ತಿರುವಾಗಲೇ ಪಕ್ಕಕ್ಕೆ ತೆಗೆದಿಟ್ಟು, ಆರತಿ ಮಾಡಿ, ಆಮೇಲೆ ಕೇಕು ಕತ್ತರಿಸಿದ್ದಾಯಿತು. ಮಗಳಿಗೆ ಅದರ ಪರಿವೆಯೇ ಇರಲಿಲ್ಲ. ಬೆಂಚಿನ ಹುಡುಗಿಯ ಕಿವಿಯಲ್ಲಿ ಏನೋ ಗುಟ್ಟು ಹೇಳಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಸಂಜೆ, ಹೊಲಿಯುವವರು ಕುಂಕುಮದ ಭರಣಿ ಹಿಡಿದು ನಮ್ಮ ಮನೆಗೆ ಬಂದರು. ಕಾರ್ಯಕ್ಕೆ ಹೇಳಲು ಬಂದಿದ್ದಾರೆಂದು ನೋಡಿದ ಕೂಡಲೇ ತಿಳಿಯಿತು. ಆ ಊರಲ್ಲಿ ನಮಗೆ ಬಂದ ಮೊದಲನೆಯ ಕರೆ. ಅತ್ತೆ ಸೆರಗು ಹೊದ್ದು ಮುಂದೆ ಬಂದರು. ಮನೆಯ ಹಿರಿಯರಿಗೆ ತಾನೇ ಮೊದಲು ಹೇಳುವುದು?

"ತಡೀರಿ ಅಮ್ಮ, ನಿಮಗೂ ಹೇಳ್ತೇನೆ" ಎಂದರು ಅವರು ನಗುತ್ತ. "ಪುಟ್ಟಿಗೇ ಮೊದಲು ಹೇಳ್ಬೇಕು ಅಂತ ನಮ್ಮ ಹುಡುಗಿ ಹಟ ಹಿಡಿದು ಕಳಿಸಿದ್ದಾಳೆ. ಎಲ್ಲಿ ಅವಳು?"

ಮಗಳು ಹೋಂವರ್ಕ್ ಬಿಟ್ಟು ಎದ್ದು ಬಂದಳು. ಅವರು ಬಗ್ಗಿ ಅವಳ ಹಣೆಗೆ ಕುಂಕುಮ ಇಟ್ಟರು. "ನಾಡಿದ್ದು ನಮ್ಮನೆಲಿ ಸತ್ಯನಾರಾಯಣ ಪೂಜೆ. ನೀನು ಬರ್ಬೇಕು. ನಿಮ್ಮನೆಯವರನ್ನೂ ಕರ್ಕೊಂಡು ಬಾ."

ಮಗಳು ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು. ಕರೆದುಕೊಂಡು ಹೋಗುವುದೋ ಬೇಡವೋ ಎಂದು ಯೋಚಿಸುವವಳ ಹಾಗೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ಅಳೆದಳು.

"ಆಯ್ತು" ಎಂದಳು. "ಎಲ್ಲರನ್ನೂ ಕರ್ಕೊಂಡು ಬರ್ತೇನೆ."