‘ನಿನ್ನೆ ಠಾಣೆ’ಯ ರಬ್ಬರಕ್ಕನವರು

ಮಕ್ಕಳನ್ನು ನಗಿಸುವ ಚಿತ್ರಗಳನ್ನು ದೊಡ್ಡವರ ಕೆಲಸವೆಂದು ಯಾರೂ ಎಣಿಸದಿದ್ದ ಕಾಲದಲ್ಲಿ ಆ ಕೆಲಸಕ್ಕೆ ಬಂದು, ಅದನ್ನು ವ್ರತದಂತೆ ನಡೆಸಿ, ಎರಡು ತಲೆಮಾರಿನ ಮಕ್ಕಳಿಗೆ ‘ನಿನ್ನೆ ಠಾಣೆ’ ಎಂಬ ಕಾರ್ಟೂನ್ ಮಾಲಿಕೆಯನ್ನು ಕೊಟ್ಟ ನಿರ್ದೇಶಕಿಯವರು ಈಗ ನಿವೃತ್ತರಾಗುತ್ತಿದ್ದಾರೆ. ಚಿತ್ರಶಾಲೆಯ ಒಳಗೂ ಹೊರಗೂ ಅವರು ಎಲ್ಲರಿಗೂ ರಬ್ಬರಕ್ಕ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವವರನ್ನು ನಾವೆಲ್ಲ ನೋಡಿದ್ದೇವೆ. ಇವರು ಸಿಕ್ಕಿಸಿಕೊಳ್ಳುತ್ತಿದ್ದುದು ಉದ್ದನೆಯ ರಬ್ಬರು. ಸಂಜೆ ಅವರು ಮೇಜು ಬಿಟ್ಟೆದ್ದರೆ ಸೆರಗಿನಿಂದ ರಬ್ಬರಿನ ಪುಡಿ ಉದುರುತ್ತಿತ್ತು. ಅವರು ಯಾವ ಕೋಣೆಗೆ ಹೋಗಿ ಬಂದರೆಂಬುದನ್ನು ಕಸ ಗುಡಿಸುವಾಕೆ ನೆಲ ನೋಡಿಯೇ ಹೇಳಬಲ್ಲವಳಾಗಿದ್ದಳು.

ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ಮಾಲಿಕೆಯ ಸಂಭಾಷಣೆಕಾರನಿಂದ ಒಂದು ಲೇಖನ ಬಯಸಿದರು. ಅವನು ವಯಸ್ಸಾದವನು. ಗೌರವಿಸಬೇಕಾದವರ ಕುರಿತು ಬರೆಯುವಾಗ ನಡುನಡುವೆ ‘ನಾನು, ನಾನು’ ಎನ್ನುವುದು ದೊಡ್ಡವರೆದುರು ಕಾಲ ಮೇಲೆ ಕಾಲು ಹಾಕಿ ಕೂತಂತೆ ಎಂದು ಕಲಿಸಿದ ಮೇಷ್ಟರ ಕೈಕೆಳಗೆ ಓದಿದವನು. ಆದ್ದರಿಂದ ಇಲ್ಲಿ ಅವನು ಸಂಭಾಷಣೆಕಾರನೆಂದೇ ಬರುತ್ತಾನೆ.

ಮಾಲಿಕೆಯನ್ನು ನೋಡದವರಿಗಾಗಿ ಎರಡು ಮಾತು. ನಿನ್ನೆ ಠಾಣೆಯೆಂಬುದು ಚರಿತ್ರೆಯನ್ನು ಕಾಯುವ ಪೊಲೀಸ್ ಠಾಣೆ. ಅಲ್ಲಿ ಇನ್‌ಸ್ಪೆಕ್ಟರ್ ದೊಡ್ಡಮ್ಮ, ಅವರ ಕೈಕೆಳಗೆ ಸದಾ ಆಕಳಿಸುವ ಒಬ್ಬ ದಫೇದಾರ, ಜೊತೆಗೊಂದು ಬಾತುಕೋಳಿ. ಹಿಂದಿನ ಕಾಲದಲ್ಲಿ ಎಲ್ಲಾದರೂ ನಡೆಯಬೇಕಾದದ್ದು ನಡೆಯದೆ ಹೋದರೆ ಬಾತುಕೋಳಿಯ ಪುಕ್ಕ ನೆಟ್ಟಗಾಗುತ್ತದೆ. ಕೂಡಲೇ ಮೂವರೂ ಒಂದೇ ಸೈಕಲ್ ಹತ್ತುತ್ತಾರೆ. ದೊಡ್ಡಮ್ಮ ಪೆಡಲ್ ತುಳಿಯುತ್ತಾರೆ, ಬಾತುಕೋಳಿ ಮುಂದಿನ ಬುಟ್ಟಿಯಲ್ಲಿ, ದಫೇದಾರ ಹಿಂದಿನ ಕ್ಯಾರಿಯರ್ ಮೇಲೆ. ಅವನು ‘ರೈಟ್!’ ಎಂದು ಕೂಗಿದರೆ ಮಾತ್ರ ಸೈಕಲ್ಲು ಹಿಮ್ಮುಖವಾಗಿ ಓಡಿ ಹಳೆಯ ಕಾಲವನ್ನು ಮುಟ್ಟುತ್ತದೆ. ಒಂದು ಕಂತಿನಲ್ಲಿ, ಮೊಟ್ಟಮೊದಲು ಚಕ್ರ ಮಾಡಿದವನು ಅದನ್ನು ಗೋಡೆಗೆ ನೇತುಹಾಕಿ ಅಂದ ನೋಡುತ್ತ ಕೂತಿರುತ್ತಾನೆ. ಅವನನ್ನು ಪುಸಲಾಯಿಸಿ ಚಕ್ರವನ್ನು ನೆಲಕ್ಕೆ ಇಳಿಸಬೇಕು. ಸೊನ್ನೆ ಬರೆಯಬೇಕಾದ ಗಣಿತಜ್ಞ ‘ಏನೂ ಇಲ್ಲದ್ದಕ್ಕೆ ಗುರುತು ಯಾಕ್ರೀ?’ ಎಂದು ಹಟ ಹಿಡಿದರೆ, ದಫೇದಾರ ‘ಹಾಗಂದ್ರೆ ಹೇಗೆ ಸ್ವಾಮಿ, ನನ್ನ ಲೆಕ್ಕದ ಮಾರ್ಕ್ಸ್ ಇನ್ನು ಹೇಗೆ ಬರೀತಾರೆ?’ ಎಂದು ಕೈಮುಗಿಯುತ್ತಾನೆ. ಠಾಣೆಗೆ ಇರುವುದು ಒಂದೇ ಕಾನೂನು: ಆಗಿದ್ದು ಆದ ಹಾಗೇ ಆಗಬೇಕು. ತಮಗಾಗಿ ಅದನ್ನು ತಿದ್ದುವ ಹಕ್ಕು ಠಾಣೆಯವರಿಗೂ ಇಲ್ಲ. ಈ ಕಾನೂನನ್ನು ಬರೆದವನು ಸಂಭಾಷಣೆಕಾರನೇ. ನಡೆದದ್ದೆಲ್ಲ ದೇವರ ಕೈಬರಹವೆಂದು ನಂಬಿದ್ದವನಿಗೆ ಅದನ್ನು ಬರೆಯುವುದು ಕಷ್ಟವೇನೂ ಆಗಲಿಲ್ಲ.

ರಬ್ಬರಕ್ಕನವರು ಚಿತ್ರಶಾಲೆಗೆ ಬಂದದ್ದು ಬಣ್ಣ ತುಂಬುವ ಹುಡುಗಿಯಾಗಿ. ಬೇರೆಯವರು ಎಳೆದ ಗೆರೆಗಳ ಒಳಗೆ ಬಣ್ಣ ಹಚ್ಚುವುದಷ್ಟೇ ಕೆಲಸ. ಒಂದು ದಿನ ಓಡುವ ಕುದುರೆಯೊಂದಕ್ಕೆ ಕಂದು ಬಣ್ಣ ಹಚ್ಚುತ್ತಿದ್ದವರು ಕುಂಚ ಕೆಳಗಿಟ್ಟು, ‘ಈ ಕುದುರೆಗೆ ಹಿಂಗಾಲು ನೋಯ್ತಾ ಇದೆ’ ಎಂದರಂತೆ. ಅಂದಿನ ಮುಖ್ಯ ಚಿತ್ರಕಾರರು ಸಿಟ್ಟಿನಿಂದ ಹಾಳೆ ಕಸಿದುಕೊಂಡು ನೋಡಿದರು. ಒಂದು ಕಾಲಿನ ಗೆರೆ ಕೂದಲೆಳೆಯಷ್ಟು ಮೊಟಕಾಗಿತ್ತು. ಆ ಮುಖ್ಯ ಚಿತ್ರಕಾರರೂ ದೊಡ್ಡ ಮನಸ್ಸಿನವರು. ಸಿಟ್ಟು ಇಳಿದ ಮೇಲೆ ತಮ್ಮ ಪಕ್ಕದಲ್ಲೇ ಒಂದು ಮೇಜು ಹಾಕಿಸಿ, ‘ಕೂತ್ಕೊ ತಾಯಿ, ನಾನು ಎಳೀತೀನಿ, ನೀನು ಅಳಿಸು’ ಎಂದರು. ರಬ್ಬರು ಕಿವಿಯ ಹಿಂದೆ ಏರಿದ್ದು ಅಂದಿನಿಂದ.

ಅವರು ನಿರ್ದೇಶಕಿಯಾದ ಮೇಲೆ ಒಂದು ಪದ್ಧತಿ ತಂದರು. ಮೊದಲು ದನಿ, ಆಮೇಲೆ ಚಿತ್ರ. ಮಾತನ್ನೆಲ್ಲ ಧ್ವನಿಮುದ್ರಿಸಿಕೊಂಡು, ಹತ್ತಾರು ಸಲ ಕೇಳಿ, ಮಾತಾಡಿದವನ ಉಸಿರು ಎಲ್ಲಿ ಏರಿತು, ಎಲ್ಲಿ ಉಗುಳು ನುಂಗಿದ ಎಂಬುದನ್ನು ಹಿಡಿದು ಅದರಂತೆ ಬಾಯಿ, ಭುಜ, ಹುಬ್ಬು ಬರೆಯುತ್ತಿದ್ದರು. ಕೆಮ್ಮು, ಸೀನು, ತೊದಲು ಯಾವುದನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ. ‘ಗೆರೆ ನಾನು ಅಳಿಸ್ತೀನಿ, ಉಸಿರು ಅಳಿಸೋಕೆ ನಾನ್ಯಾರು?’ ಎನ್ನುತ್ತಿದ್ದರು. ನಗೆಚಿತ್ರ ಮಾಡುವವರ ಬಾಯಲ್ಲಿ ಇಂಥ ಮಾತು ಕೇಳಿ ಸಂಭಾಷಣೆಕಾರನಿಗೆ, ಬೆಳಗಿನ ಪ್ರಾರ್ಥನೆಯಲ್ಲಿ ಆಗುವಂತೆ, ಮೈ ನವಿರೇಳುತ್ತಿತ್ತು.

ದಫೇದಾರನಿಗೆ ದನಿ ಸಿಕ್ಕಿದ ಬಗೆಯೇ ಒಂದು ಕಥೆ. ಆ ಪಾತ್ರಕ್ಕೆ ಹೆಸರಾಂತ ನಟರೊಬ್ಬರನ್ನು ಕರೆಸಲಾಗಿತ್ತು. ಅವರು ದಫೇದಾರನ ಮಾತನ್ನು ಚಕ್ರವರ್ತಿಯಂತೆ ಗರ್ಜಿಸುತ್ತಿದ್ದರು. ಅದೇ ಹೊತ್ತಿಗೆ ಸಂಭಾಷಣೆಕಾರನ ತಮ್ಮ, ಅಣ್ಣ ಮನೆಯಲ್ಲಿ ಮರೆತು ಬಂದ ಕನ್ನಡಕ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಬಸ್ ಕಂಡಕ್ಟರ್, ಖಾಕಿಯಲ್ಲೇ ಬಂದಿದ್ದ. ಗರ್ಜನೆ ಕೇಳಿ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟ. ರಬ್ಬರಕ್ಕನವರು ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿದರು.

‘ಯಾರದು ನಗು?’

ಸಂಭಾಷಣೆಕಾರ ನಾಚಿಕೆಯಿಂದ ಕುಗ್ಗಿ, ‘ನನ್ನ ತಮ್ಮ. ತಪ್ಪಾಯ್ತು, ಕಳಿಸ್ತೀನಿ’ ಎಂದ.

‘ಕಳಿಸಿದ್ರೆ ನಿಮ್ಮನ್ನೂ ಕಳಿಸ್ತೀನಿ. ಒಳಗೆ ಕರೀರಿ ಅವರನ್ನ. ಏನಪ್ಪಾ, ಬಸ್ಸಲ್ಲಿ ಏನಂತ ಕೂಗ್ತೀಯ?’

‘ರೈಟ್ ಅಂತೀನಿ ಅಕ್ಕಾ. ಇನ್ನೇನು, ಹಾಡು ಹೇಳ್ಲಾ?’

ಸೈಕಲ್ಲು ಹೊರಡಲು ‘ರೈಟ್’ ಬೇಕೆಂಬುದು ಆ ಗಳಿಗೆಯಲ್ಲಿ ಹುಟ್ಟಿದ್ದು. ಅಂದಿನಿಂದ ಆ ತಮ್ಮನೇ ಠಾಣೆಯ ದಫೇದಾರನಾದ. ಬೀದಿಯ ಮಕ್ಕಳೂ ಅವನನ್ನು ಹಾಗೆಯೇ ಕರೆದರು. ನಾಟಕವಾಡಿ ಪಳಗಿದ ದನಿಯಲ್ಲ ಅದು, ಧೂಳು ಕುಡಿದು ಒಡೆದ ದನಿ. ಅದರೊಳಗೆ ನಗು ಎಲ್ಲೋ ಅವಿತು ಕೂತು ಹೊರಬರಲು ಹೊಂಚು ಹಾಕುತ್ತಿದೆಯೆಂದು ಕೇಳುವವರಿಗೆ ಅನ್ನಿಸುತ್ತಿತ್ತು.

ರಬ್ಬರಕ್ಕನವರ ಉಪಕಾರಗಳನ್ನು ಅವರೆದುರು ಎತ್ತಿ ಆಡಿದರೆ ಅವರಿಗೆ ಸಿಟ್ಟು ಬರುತ್ತದೆ. ಆದರೂ ಒಂದನ್ನು ಹೇಳಬೇಕು. ತಮ್ಮನ ಹೆಂಡತಿ ತೀರಿಕೊಂಡ ವರ್ಷ ಅವನ ಬಾಯಿಂದ ಮಾತೇ ಹೊರಡದಾಯಿತು. ‘ಬೇರೆಯವರನ್ನ ಹುಡುಕಿ’ ಎಂದು ಅವನೇ ಹೇಳಿದ. ರಬ್ಬರಕ್ಕನವರು ಹುಡುಕಲಿಲ್ಲ. ದಫೇದಾರನಿಗೆ ಹಲ್ಲುನೋವೆಂದು ಹೊಸದೊಂದು ಕಥೆ ಹೂಡಿದರು. ಪಾತ್ರದ ಕೆನ್ನೆಗೆ ದಪ್ಪನೆಯ ಬಟ್ಟೆ ಕಟ್ಟಿದರು. ಅವನು ಕಂತಿನ ಮೇಲೆ ಕಂತು ‘ಊಂ’, ‘ಉಹೂಂ’ ಎಂದಷ್ಟೇ ಹೇಳಿ ಬಂದ, ಮಕ್ಕಳು ಬಿದ್ದುಬಿದ್ದು ನಕ್ಕರು. ಮಾತು ತಾನಾಗಿ ಮರಳಿದ ದಿನ ಪಾತ್ರದ ಹಲ್ಲೂ ಬಿತ್ತು. ಬಾತುಕೋಳಿ ಅದನ್ನು ನುಂಗಿತು.

ಮಾತು ಮರಳಿದ ಮೇಲೆ ಒಂದು ಸಣ್ಣ ಪ್ರಮಾದವೂ ನಡೆಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಧ್ವನಿಮುದ್ರಕ ತನ್ನ ಯಂತ್ರ ನಿಲ್ಲಿಸಲು ಮರೆತ. ತಮ್ಮನೊಬ್ಬನೇ ಉಳಿದು ಮೈಕಿನ ಕೆಳಗಿನ ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆದ. ಮರಳಿ ಬಂದು ನೋಡಿದರೆ ಗೊರಕೆಯೆಲ್ಲ ಅಚ್ಚುಕಟ್ಟಾಗಿ ದಾಖಲಾಗಿತ್ತು. ಧ್ವನಿಮುದ್ರಕ ಅಳಿಸಹೋದ.

‘ಮುಟ್ಟಬೇಡ. ಇರಲಿ,’ ಎಂದರು ರಬ್ಬರಕ್ಕ.

‘ನಿದ್ದೇಲೂ ಒಂದು ಡೈಲಾಗ್ ತಪ್ಪಿಲ್ಲ ನೋಡಿ ಅಕ್ಕಾ. ಅಣ್ಣ ಬರೆದಿದ್ದಕ್ಕಿಂತ ಇದೇ ಚೆನ್ನಾಗಿದೆ,’ ಎಂದು ಮೈಮುರಿದ ತಮ್ಮ.

ಕಳೆದ ವರ್ಷ, ಮಾಲಿಕೆಯ ಕೊನೆಯ ಕಂತುಗಳ ಕೆಲಸ ನಡೆದಿದ್ದಾಗ, ತಮ್ಮ ಒಂದು ಬೆಳಿಗ್ಗೆ ಏಳಲಿಲ್ಲ. ನೋವಿರಲಿಲ್ಲ, ನಿದ್ದೆಯಲ್ಲೇ ಹೋದ. ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಸಂಭಾಷಣೆಕಾರ ಪ್ರಾರ್ಥನೆಗೆ ಕೂತಿದ್ದ. ‘ಇವತ್ತು ಅವನಿಗೆ ರಜೆ, ಮಲಗಲಿ’ ಎಂದು ಎಬ್ಬಿಸದೆ ಬಿಟ್ಟಿದ್ದ. ಎಬ್ಬಿಸಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ವೈದ್ಯರ ಮಾತು ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ.

ಇತ್ತ ದಫೇದಾರನಿಲ್ಲದೆ ಕೊನೆಯ ಕಂತು ನಿಂತುಹೋಯಿತು. ವಾಹಿನಿಯ ಮೇಲಧಿಕಾರಿ ಬಂದು, ಹಳೆಯ ದನಿಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರೆ ಅದು ಬೇಕಾದ ಹೊಸ ಮಾತನ್ನು ಅವನಂತೆಯೇ ಆಡುತ್ತದೆ ಎಂದು ವಿವರಿಸಿದರು. ರಬ್ಬರಕ್ಕನವರು ಪೂರ್ತಿ ಕೇಳಿಸಿಕೊಂಡರು, ಚಹಾ ಕೊಡಿಸಿದರು.

‘ಅವನು ಆಡದೇ ಇದ್ದ ಮಾತನ್ನ ಅವನೇ ಆಡಿದ ಅಂತ ತೋರಿಸೋದು... ಇಂಥವರನ್ನೇ ಅಲ್ವೇನಪ್ಪಾ ನಮ್ಮ ಠಾಣೆ ಹಿಡಿಯೋದು? ಬಾತುಕೋಳಿ ಸುಮ್ಮನಿರುತ್ತಾ?’

ಅಧಿಕಾರಿ ಚಹಾ ಮುಗಿಸಿ ಹೋದರು. ಆದರೆ ಅದಕ್ಕಿಂತ ಕಠಿಣವಾದದ್ದು ಇನ್ನೂ ಬರಲಿತ್ತು, ಬಂದದ್ದು ಸ್ವಂತ ಠಾಣೆಯ ಒಳಗಿನಿಂದಲೇ. ಸಂಭಾಷಣೆಕಾರ ಕೊನೆಯ ಕಂತನ್ನು ಬರೆದು ತಂದ. ಅದರಲ್ಲಿ ದೊಡ್ಡಮ್ಮನೂ ಬಾತುಕೋಳಿಯೂ ಒಂದು ಬೆಳಗಿಗೆ ಹಿಂದಿರುಗುತ್ತಾರೆ, ಕೋಣೆಯಲ್ಲಿ ದಫೇದಾರ ಮಲಗಿದ್ದಾನೆ, ದೊಡ್ಡಮ್ಮ ಅವನ ಭುಜ ಅಲುಗಿಸುತ್ತಾರೆ, ಅವನು ಏಳುತ್ತಾನೆ. ಅಷ್ಟೇ ಕಥೆ. ಮೊದಲು ಮುದ್ರಿಸಿಟ್ಟ ಹಳೆಯ ಮಾತುಗಳಿಂದಲೇ ಅವನ ಮಾತನ್ನು ಆಯ್ದು ಜೋಡಿಸಿದ್ದ. ಯಂತ್ರದ ಮಾತು ಒಂದೂ ಬೇಕಿರಲಿಲ್ಲ.

ರಬ್ಬರಕ್ಕನವರು ಕನ್ನಡಕ ಹಾಕಿಕೊಂಡು ಓದಿದರು. ಹಾಳೆಗಳನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು.

‘ಅಣ್ಣಾ, ಠಾಣೆ ಕಾನೂನು ಬರೆದೋರು ನೀವೇ ಅಲ್ವಾ?’

‘ಹೌದು.’

‘ಮತ್ತೆ?’

‘ಮಕ್ಕಳ ಕಾರ್ಟೂನು ಕಣಮ್ಮಾ ಇದು! ಬಾತುಕೋಳಿ ಪೊಲೀಸ್ ಕೆಲ್ಸ ಮಾಡುತ್ತೆ, ಸೈಕಲ್ಲು ಹಿಂದಕ್ಕೆ ಓಡುತ್ತೆ. ಇಷ್ಟೆಲ್ಲ ಸುಳ್ಳು ನಡೆಯೋ ಕಡೆ ನನ್ನ ತಮ್ಮ ಒಂದು ಸಲ ಏಳೋದು ನಡೆಯಲ್ವಾ?’ ಅವನ ದನಿ ಏರಿತ್ತು. ‘ಎಷ್ಟು ಸಾವಿರ ಗೆರೆ ಅಳಿಸಿದ್ದೀರಿ. ಇದೊಂದನ್ನ ಅಳಿಸಿಕೊಡಿ.’

ಕಿವಿಯ ಹಿಂದಿನ ರಬ್ಬರಿಗೆ ಅವರ ಕೈ ಹೋದುದನ್ನು ಸಂಭಾಷಣೆಕಾರ ನೋಡಿದ. ಅವರು ಅದನ್ನು ತೆಗೆದು ಅವನ ಮುಂದಿಟ್ಟರು.

‘ನಾನು ಅಳಿಸಿದ್ದೆಲ್ಲ ನಾನು ತಪ್ಪಾಗಿ ಬರೆದಿದ್ದು. ಇದನ್ನ ಬರೆದಿದ್ದು ನಾನಲ್ಲ. ಯಾರು ಬರೆದಿದ್ದು ಅಂತ ನೀವೇ ದಿನಾ ಹೇಳ್ತೀರಲ್ಲ. ನಿಮಗೆ ಧೈರ್ಯ ಇದ್ರೆ ತಗೊಳ್ಳಿ, ಅಳಿಸಿ.’

ಅವನು ರಬ್ಬರನ್ನು ಮುಟ್ಟಲಿಲ್ಲ. ಬಹಳ ಹೊತ್ತು ಇಬ್ಬರೂ ಅತ್ತರು.

ಆಮೇಲೆ ಅವರು ಅವನ ಕಥೆಯಲ್ಲಿ ಬದಲಿಸಿದ್ದು ಸ್ವಲ್ಪವೇ. ಹಿಂದಿರುಗುವುದು ಆ ಬೆಳಗಿಗಲ್ಲ, ಒಂದು ಮಾಮೂಲಿ ಮಧ್ಯಾಹ್ನಕ್ಕೆ. ಆ ದೃಶ್ಯವನ್ನು ಸಹಾಯಕರಾರಿಗೂ ಕೊಡದೆ ತಾವೇ ಬರೆದರು. ಅಳಿಸದೆ ಉಳಿಸಿದ್ದ ಆ ಗೊರಕೆಯನ್ನು ಕೇಳುತ್ತ, ಒಂದೊಂದು ಉಸಿರಿಗೂ ಹೊಟ್ಟೆ ಏರುವುದನ್ನು, ಇಳಿಯುವುದನ್ನು, ಮೀಸೆಯ ಮೇಲೆ ಕೂತ ನೊಣ ಪ್ರತಿ ಉಸಿರಿಗೂ ಹಿಂದೆ ಜಾರಿ ಮತ್ತೆ ಹಟದಿಂದ ಮೇಲೇರುವುದನ್ನು ಬರೆದರು. ಸಂಭಾಷಣೆಕಾರ ದಿನವೂ ಹೋಗಿ ಅವರ ಹಿಂದೆ ನಿಂತಿರುತ್ತಿದ್ದ. ಕಾಗದದ ಮೇಲೆ ಅವನ ತಮ್ಮ ಉಸಿರಾಡುತ್ತಿದ್ದ. ಆ ದಿನಗಳಲ್ಲಿ ಅವರ ಮೇಜಿನ ಸುತ್ತ ರಬ್ಬರಿನ ಪುಡಿ ಕಾಣಲೇ ಇಲ್ಲ. ಮನುಷ್ಯರ ಕೈಗೆ ಇಂಥ ಕೆಲಸ ಒಪ್ಪಿಸಿದವನ ದೊಡ್ಡತನವನ್ನು ನೆನೆದು ಅವನು ಅಲ್ಲಿಯೇ ಮನಸ್ಸಿನಲ್ಲಿ ಕೈಮುಗಿದ.

ಒಂದೇ ಒಂದು ಕಡೆ ಇಬ್ಬರಿಗೂ ಜಗಳವಾಯಿತು. ದೃಶ್ಯದ ಕೊನೆಯಲ್ಲಿ ದೊಡ್ಡಮ್ಮನೂ ಬಾತುಕೋಳಿಯೂ ಇಂದಿನ ಕಾಲಕ್ಕೆ ಹಿಂದಿರುಗಬೇಕು, ಸೈಕಲ್ ಹೊರಡಬೇಕು. ಹೋಗುವಾಗ, ಹಿಂದೆ ಮುದ್ರಿಸಿಟ್ಟ ಅವನ ಒಂದು ‘ರೈಟ್’ ಒದಗಿತ್ತು. ಬರುವಾಗ ಅದನ್ನು ಹೇಳುವವನು ಮಲಗಿದ್ದಾನೆ.

‘ಬಾತುಕೋಳಿ ಹೇಳ್ಲಿ,’ ಎಂದ ಅವನು.

‘ಬೇಡ. ಆ ಜಾಗ ಖಾಲಿ ಇರಲಿ.’

‘ಸೈಕಲ್ ಹೊರಡೋದು ಹೇಗೆ ಮತ್ತೆ? ಮಕ್ಕಳು ಕೇಳಲ್ವಾ?’

‘ಬರುತ್ತೆ. ನೀವು ಬರೀಬೇಡಿ, ಬರುತ್ತೆ.’

ಎಲ್ಲಿಂದ ಬರುತ್ತದೆಂದು ಅವರು ಹೇಳಲಿಲ್ಲ. ಸಿಟ್ಟಿನಲ್ಲಿದ್ದವನು ಕೇಳಲೂ ಇಲ್ಲ.

ಕೊನೆಯ ಕಂತನ್ನು ಮೊದಲು ಒಂದು ದೊಡ್ಡ ಸಭಾಂಗಣದಲ್ಲಿ ಮಕ್ಕಳಿಗೆ ತೋರಿಸಲಾಯಿತು. ಸಂಭಾಷಣೆಕಾರನನ್ನು ಕೈಹಿಡಿದು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿ, ರಬ್ಬರಕ್ಕನವರು ಪಕ್ಕದಲ್ಲಿ ಕೂತರು. ಪರದೆಯ ಮೇಲೆ ದಫೇದಾರ ಗೊರಕೆ ಹೊಡೆದ. ನೊಣ ಜಾರಿತು, ಮಕ್ಕಳು ಗೊಳ್ಳೆಂದರು. ಬಾತುಕೋಳಿ ಅವನನ್ನು ಎಬ್ಬಿಸಲು ಕೊಕ್ಕು ಚಾಚಿತು. ದೊಡ್ಡಮ್ಮ ತಡೆದು, ‘ಬೇಡ ಮರಿ, ಮಲಗ್ಲಿ’ ಎಂದು, ಜಾರಿದ್ದ ಹೊದಿಕೆಯನ್ನು ಅವನ ಎದೆಯವರೆಗೆ ಎಳೆದರು. ನಗು ನಿಂತಿತು. ಸಭಾಂಗಣವನ್ನೆಲ್ಲ ಆ ಗೊರಕೆ ತುಂಬಿತು.

ದೊಡ್ಡಮ್ಮ ಹೊರಗೆ ಬಂದು ಸೈಕಲ್ ಹತ್ತಿದರು. ಬಾತುಕೋಳಿ ಬುಟ್ಟಿಯಲ್ಲಿ ಕೂತಿತು. ಹಿಂದಿನ ಕ್ಯಾರಿಯರ್ ಖಾಲಿ. ಬೆಲ್ ಬಾರಿಸಿದರು, ಸೈಕಲ್ ಕದಲಲಿಲ್ಲ. ಮತ್ತೆ ಬಾರಿಸಿದರು. ಆಮೇಲೆ ದೊಡ್ಡಮ್ಮ ನಿಧಾನವಾಗಿ ತಲೆ ತಿರುಗಿಸಿ, ಪರದೆಯಿಂದ ಹೊರಗೆ, ಕತ್ತಲಲ್ಲಿ ಕೂತ ಮಕ್ಕಳ ಕಡೆ ನೋಡಿ ಕಾದರು. ಸಂಭಾಷಣೆಕಾರ ಕುರ್ಚಿಯ ಕೈ ಬಿಗಿಹಿಡಿದ. ಇದು ಕೆಟ್ಟಿತು, ಯಂತ್ರ ನಿಂತಿತೆಂದು ಮಕ್ಕಳು ಗಲಾಟೆ ಮಾಡುತ್ತಾರೆ ಎಂದುಕೊಂಡ.

ಮುಂದಿನ ಸಾಲುಗಳಲ್ಲಿ ಎಲ್ಲೋ ಒಂದು ಸಣ್ಣ ಹೆಣ್ಣುದನಿ, ನಾಚುತ್ತ, ‘ರೈಟ್’ ಎಂದಿತು. ಇನ್ನೊಂದು ದನಿ ಅದಕ್ಕೆ ಸೇರಿತು. ಮರುಗಳಿಗೆಯಲ್ಲಿ ಸಭಾಂಗಣದ ಮಕ್ಕಳೆಲ್ಲ ಎದ್ದು ನಿಂತು, ಗಂಟಲು ಹರಿಯುವಂತೆ, ಅವನದೇ ಒಡಕು ರಾಗದಲ್ಲಿ ‘ರೈಟ್! ರೈಟ್!’ ಎಂದು ಕೂಗಿದರು. ಸೈಕಲ್ಲು ಓಡಿತು, ಈ ಸಲ ಮುಮ್ಮುಖವಾಗಿ.

ಸಂಭಾಷಣೆಕಾರ ಪಕ್ಕಕ್ಕೆ ನೋಡಿದ. ರಬ್ಬರಕ್ಕನವರೂ ಎದ್ದು ನಿಂತಿದ್ದರು. ಮಕ್ಕಳ ಜೊತೆ ಅವರೂ ಕೂಗುತ್ತಿದ್ದರು. ಅವನು ಎದ್ದ. ತಮ್ಮನ ರಾಗದಲ್ಲೇ ಅವನೂ ‘ರೈಟ್!’ ಎಂದು ಕೂಗಿದ.

ರಬ್ಬರಕ್ಕನವರಿಗೆ ಭಗವಂತನು ತುಂಬು ಆಯುಷ್ಯವನ್ನೂ ನಡುಗದ ಕೈಯನ್ನೂ ಕೊಡಲಿ. ನಿವೃತ್ತಿ ಚಿತ್ರಶಾಲೆಯ ಮೇಜಿಗೆ ಮಾತ್ರ, ಕೈಗಲ್ಲ. ಮೊಮ್ಮಕ್ಕಳಿಗಾಗಿ ಒಂದು ಕುದುರೆ ಬರೆಯಲು ಆಗಲೇ ಶುರುಮಾಡಿದ್ದಾರೆಂದು ಕೇಳಿದ್ದೇವೆ. ಅದರ ನಾಲ್ಕು ಕಾಲೂ ನೋವಿಲ್ಲದೆ ಓಡಲಿ. ನಮ್ಮಂಥವರು ಬರೆದು ಕೆಡಿಸುವುದನ್ನು ತಿದ್ದಲು ಆ ರಬ್ಬರು ಇನ್ನೂ ಬಹುಕಾಲ ಅವರ ಕಿವಿಯ ಹಿಂದಿರಲಿ. ಅಕ್ಕಾ, ಹತ್ತಿ ಕೂತುಕೊಳ್ಳಿ. ಕೂಗುವುದಕ್ಕೆ ನಾವೆಲ್ಲ ಇದ್ದೇವೆ. ರೈಟ್!