ರಾಜಾರಾಮನಿಗೆ ಊಟವಿರಲಿಲ್ಲ

ಆಗೆಲ್ಲ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ಚಳಿಗಾಲವೆಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ಕಾಲ. ಒದ್ದೆಯಾದ ಉಣ್ಣೆಯ ಕೈಗವಸುಗಳು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಕುಳಿತು ನೆನೆದ ನಾಯಿಮರಿಯ ವಾಸನೆ ಬೀರುತ್ತಿದ್ದವು. ಅದರ ಮೇಲೆ ಅಮ್ಮನ ಇಂಗಿನ ಒಗ್ಗರಣೆ. ಕಿಟಕಿ ತೆರೆದರೆ ಚಳಿ, ತೆರೆಯದಿದ್ದರೆ ಇಂಗು. ನನಗೆ ಒಂಬತ್ತು ತುಂಬಿದ ಆ ಚಳಿಗಾಲದಲ್ಲಿ ನಮ್ಮ ಮೂರನೆಯ ಮಹಡಿಯ ಫ್ಲ್ಯಾಟು ಒಂದು ದುರ್ಗವೇ ಆಗಿಹೋಯಿತು. ದುರ್ಗಾಧಿಪತಿ ನನ್ನ ತಾತ, ಅಮ್ಮನ ಅಪ್ಪ. ತುಮಕೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನ ಚರಿತ್ರೆ ಮೇಷ್ಟ್ರಾಗಿದ್ದವರು, ಮೂರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು.

ಬಂದ ವಾರದಲ್ಲೇ ಅವರು ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ಆ ಸಂಜೆಯೇ ಅಮ್ಮನ ರಾಜಾಜ್ಞೆ ಹೊರಟಿತು: "ಅಪ್ಪಾ, ಇನ್ಮೇಲೆ ಒಬ್ರೇ ಹೊರಗೆ ಕಾಲಿಡೋ ಹಾಗಿಲ್ಲ." ಹಾಗಾಗಿ ದುರ್ಗಾಧಿಪತಿಯೇ ಖೈದಿಯೂ ಆದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಾತಾಡಲು ಅವರಿಗೆ ಸಿಕ್ಕವನು, ನಾಲ್ಕು ಗಂಟೆಗೆ ಶಾಲೆಯಿಂದ ಬರುವ ನಾನೊಬ್ಬ. ಇಡೀ ತರಗತಿಗೆ ನಾನೇ ವಿದ್ಯಾರ್ಥಿ. ಹಿಂದಿನ ಬೆಂಚಿಗೆ ನುಸುಳಿಕೊಳ್ಳಲೂ ಜಾಗವಿಲ್ಲ.

ಪಠ್ಯಪುಸ್ತಕ ಎರಡು ಸಾಲಿನಲ್ಲಿ ಮುಗಿಸಿಬಿಡುವವರ ಮೇಲೆಯೇ ತಾತನಿಗೆ ಪ್ರೀತಿ. ಕೆಳದಿಯ ಚೆನ್ನಮ್ಮ ಅಂಥವಳು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು, ವೇಷ ಮರೆಸಿಕೊಂಡು ಅವಳ ಬಾಗಿಲಿಗೆ ಬಂದಾಗ, ಔರಂಗಜೇಬನಂಥವನು ಬೆನ್ನಟ್ಟಿ ಬರುತ್ತಾನೆಂದು ತಿಳಿದೂ ಆ ರಾಣಿ ಆಶ್ರಯ ಕೊಟ್ಟಳು, ಮುಂದಕ್ಕೆ ಕ್ಷೇಮವಾಗಿ ದಾಟಿಸಿದಳು. ಹೀಗೆ ಹೇಳಿ ತಾತ ಮೇಜು ಕುಟ್ಟುತ್ತಿದ್ದರು. "ಬಾಗಿಲಿಗೆ ಬಂದು ಆಶ್ರಯ ಕೇಳಿದವನನ್ನ ಒಪ್ಪಿಸೋ ಹಾಗಿಲ್ಲ. ಏನು?"

"ಒಪ್ಪಿಸೋ ಹಾಗಿಲ್ಲ," ಎಂದು ಇಡೀ ತರಗತಿ ಹೇಳುತ್ತಿತ್ತು.

ಕೇಳಿಕೊಂಡು ಸುಮ್ಮನಿದ್ದರೆ ಸಾಕಿತ್ತು. ಆದರೆ ತಾತ ನಾಟಕ ಬರೆದರು. ಸುತ್ತಮುತ್ತಲ ಕನ್ನಡದ ಮನೆಗಳವರು ಕೂಡುವ ಶನಿವಾರದ ಕಾರ್ಯಕ್ರಮದಲ್ಲಿ ಅದರ ಪ್ರದರ್ಶನ. ಭಾನುವಾರ ಅವರ ವಿಮಾನ. ಪಿಎಚ್‌ಡಿ ಮಾಡುತ್ತಿದ್ದ ವೀಣಾ ಆಂಟಿ ಚೆನ್ನಮ್ಮ, ನಾನು ರಾಜಾರಾಮ. ನನ್ನ ಮಾತು ಒಂದೇ: "ತಾಯೀ, ಆಶ್ರಯ ಬೇಡಿ ಬಂದಿದ್ದೇನೆ." ಮೊದಲ ತಾಲೀಮಿನಲ್ಲಿ ಅದನ್ನು ನಾನು ಶುದ್ಧ ಸ್ವೀಡಿಷ್ ರಾಗದಲ್ಲಿ, ಏರಿಸಿ ಇಳಿಸಿ ಹಾಡಿದೆ. ಮಕ್ಕಳು ನಕ್ಕರು. ಮೊಗಲ್ ಸೈನ್ಯ ಉರುಳಾಡಿ ನಕ್ಕಿತು. ಕೊನೆಗೆ ಚೆನ್ನಮ್ಮನೂ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಶುಕ್ರವಾರ ಆರು ಗಂಟೆಗೆ ಕೊನೆಯ ತಾಲೀಮು. ಐದಕ್ಕೆ, ತಾತ ಬಚ್ಚಲಿಗೆ ಹೋದ ಹೊತ್ತು ನೋಡಿ, ನಾನು ಪರಾರಿಯಾದೆ. ಅಂಗಳದಾಚೆಯ ಕಟ್ಟಡದಲ್ಲಿ, ನಮ್ಮ ಕಿಟಕಿಗೆ ಕಾಣುವಂತೆ, ನನ್ನ ಗೆಳೆಯ ಓಸ್ಕರನ ಮನೆ. ಆಶ್ರಯ ದೊರಕಿತು. ಇಪ್ಪತ್ತು ನಿಮಿಷ ಲೆಗೋ ಜೋಡಿಸಿದೆವು. ಆಮೇಲೆ ಅವನ ಅಮ್ಮ ಕರೆದರು, ಊಟಕ್ಕೆ. ಓಸ್ಕರ್ ಎದ್ದು, "ನೀನಿಲ್ಲೇ ಇರು," ಎಂದು ಸ್ವೀಡಿಷಿನಲ್ಲಿ ಹೇಳಿ ಬಾಗಿಲು ಮುಂದೆಳೆದುಕೊಂಡು ಹೋದ. ಆಡಲು ಬಂದ ಹುಡುಗ ಅವರು ಉಂಡು ಮುಗಿಸುವವರೆಗೆ ಕೋಣೆಯಲ್ಲಿ ಕಾಯುವುದು ಆ ಮನೆಯ ರೂಢಿ. ಅದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ಬೆಂದ ಆಲೂಗಡ್ಡೆಯ, ಕರಗಿದ ಬೆಣ್ಣೆಯ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಫೋರ್ಕುಗಳ ಸದ್ದು. ಹೊರಗೆ ಹೋದರೆ ನಾಟಕ, ಒಳಗಿದ್ದರೆ ಹಸಿವು. ಅಷ್ಟು ಹೊತ್ತಿಗೆ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ತಾತ! ಪಂಚೆಯ ಕೆಳಗೆ ಅಪ್ಪನ ಬೂಟು, ತಲೆಗೆ ಮಂಕಿ ಟೋಪಿ, ಮೈಮೇಲೆ ಅಮ್ಮನ ನೇರಳೆ ಜಾಕೆಟ್ಟು. ಜಾರಿ ಬಿದ್ದ ಮೇಲೆ ಮೊದಲ ಬಾರಿ ಒಬ್ಬರೇ ಆ ಮಂಜುಗಡ್ಡೆ ದಾಟಿ ಬಂದಿದ್ದರು. ನಾವು ಊಟ ಮಾಡುತ್ತಿದ್ದೇವೆ, ಹುಡುಗ ಕೋಣೆಯಲ್ಲಿದ್ದಾನೆ ಎಂದು ಓಸ್ಕರನ ಅಪ್ಪ ಇಂಗ್ಲಿಷಿನಲ್ಲಿ ಅತ್ಯಂತ ವಿನಯದಿಂದ ಹೇಳಿದರು. ಊಟವೆಂಬ ಮಾತು ಕೇಳಿದ್ದೇ ತಾತ ಎರಡೂ ಕೈ ಆಡಿಸಿ, "ನೋ ನೋ, ಜಸ್ಟ್ ನೌ ಈಟನ್," ಎಂದರು. ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಎಲೆಯ ಮುಂದೆ ಕೂರುವುದು ನಮ್ಮ ಕಡೆಯ ಕ್ರಮ. ಎರಡನೆಯ ಸಲ ಯಾರೂ ಕರೆಯಲಿಲ್ಲ. ಮೊದಲನೆಯ ಸಲವೂ ಕರೆದಿರಲಿಲ್ಲವೆಂದು ತಾತನಿಗೆ ಹೊಳೆದದ್ದು, ಅವರನ್ನೂ ತಂದು ನನ್ನ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂರಿಸಿ ಬಾಗಿಲೆಳೆದ ಮೇಲೆ.

ಇಬ್ಬರೂ ಸ್ವಲ್ಪ ಹೊತ್ತು ಫೋರ್ಕಿನ ಸದ್ದು ಕೇಳಿದೆವು.

"ನಿಂಗೂ ಹಾಕಿಲ್ವೇನೋ?"

"ಇಲ್ಲ."

"ಆಶ್ರಯ ಕೊಟ್ಟೋರು ಊಟ ಕೊಟ್ಟಿಲ್ಲ!" ತಾತ ಗಂಭೀರವಾಗಿ ತಲೆಯಾಡಿಸಿದರು. "ಕೆಳದೀಲಿ ಹೀಗಾಗಿದ್ರೆ ರಾಜಾರಾಮ ಔರಂಗಜೇಬನ ಹತ್ರಾನೇ ಹೋಗ್ತಿದ್ನೇನೋ."

ಜಾಕೆಟ್ಟಿನ ಜೇಬಿನಿಂದ ಕಾಗದದ ಪೊಟ್ಟಣ ಹೊರಬಂತು, ಅದರಲ್ಲಿ ನಾಲ್ಕು ಕೋಡುಬಳೆ. ಕಚ್ಚಿದರೆ ಸದ್ದಾಗುತ್ತದೆಂದು ಬಾಯಲ್ಲಿಟ್ಟು ನೆನೆಸಿ ತಿಂದೆವು.

"ನೀವು ನನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಆಶ್ರಯ ಕೇಳಿದೀನಿ," ಎಂದೆ.

"ಗೊತ್ತು. ನಾನೇ ಹೇಳಿಕೊಟ್ಟಿದ್ದಲ್ವಾ."

"ಮತ್ತೆ ಯಾಕೆ ಬಂದ್ರಿ?"

ತಾತ ಪಂಚೆಯಂಚಿನ ಹಿಮ ನೆಲದ ಮೇಲೆ ಕರಗುವುದನ್ನು ನೋಡುತ್ತಿದ್ದರು. "ಮನೇಲಿ ಯಾರೂ ಇರ್ಲಿಲ್ಲ ಕಣೋ."

ಆ ಮೂರು ತಿಂಗಳು ನಾನು ಶಾಲೆಯಲ್ಲಿದ್ದಾಗಲೂ ಮನೆಯಲ್ಲಿ ಯಾರೂ ಇರಲಿಲ್ಲವೆಂದು ನನಗೆ ಹೊಳೆದದ್ದೇ ಆಗ.

"ಎಲ್ಲಾರೂ ನಗ್ತಾರೆ ತಾತ. ನನ್ನ ಕನ್ನಡಕ್ಕೆ."

"ನಗ್ಲಿ. ರಾಜಾರಾಮ ಮರಾಠಿ ಹುಡುಗ. ಅವನಿಗೇನು ಕನ್ನಡ ನೆಟ್ಟಗೆ ಬರ್ತಿತ್ತಾ? ನೀನು ಹೇಳಿದ ಹಾಗೇ ಹೇಳಿರ್ತಾನೆ. ನನಗೆ ನೆಟ್ಟಗೆ ಮಾತಾಡೋ ರಾಜಾರಾಮನೇ ಬೇಡ."

ಊಟ ಮುಗಿಸಿ ಓಸ್ಕರ್ ಬಂದು ಬಾಗಿಲು ತೆರೆದಾಗ ನಾನಾಗಿಯೇ ಎದ್ದೆ. ತಾತ ಕರೆಯಲಿಲ್ಲ. ಅಂಗಳದಲ್ಲಿ ಮಾತ್ರ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡರು. ಯಾರು ಯಾರನ್ನು ಕರೆದೊಯ್ಯುತ್ತಿದ್ದರೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಶನಿವಾರ ನನ್ನ ಮಾತಿಗೆ ಸಭೆ ನಕ್ಕಿತು. ತಾತ ಮಾತ್ರ ಮುಂದಿನ ಸಾಲಿನಲ್ಲಿ ಶಾಲಾ ಇನ್‌ಸ್ಪೆಕ್ಟರರಂತೆ, ಉಚ್ಚಾರಣೆ ಸರಿಯಾಗಿದೆ ಎಂಬ ಭಂಗಿಯಲ್ಲಿ ತಲೆದೂಗಿದರು. ಭಾನುವಾರ ಹೊರಟುಹೋದರು. ಅವರ ಮಂಡಿ ಮತ್ತೆ ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಲಿಲ್ಲ. ನಾನೀಗ ಬರೆಯುತ್ತಿರುವ ಈ ಕನ್ನಡವನ್ನು ಆಮೇಲಿನ ವರ್ಷಗಳಲ್ಲಿ ಫೋನಿನಲ್ಲೇ ಕಲಿಸಿದರು. ಕೊನೆಯವರೆಗೂ ನನ್ನನ್ನು "ಏನಪ್ಪಾ ರಾಜಾರಾಮ" ಎಂದೇ ಕರೆದರು.

ಈಗ ನಾನಿರುವುದು ಸ್ವೀಡನ್ನಿನದೇ ಇನ್ನೊಂದು ಊರಾದ ಟೋರ್ಸ್‌ಲಾಂಡದಲ್ಲಿ. ಮಗಳ ಜೊತೆ ಆಡಲು ಬಂದ ಮಕ್ಕಳಿಗೆ ಐದೂವರೆಗೆ ಅನ್ನ ಸಾರು ಬಡಿಸಿಯೇ ತೀರುತ್ತೇನೆ. ಅವರು ಮೊದಲ ಸಲಕ್ಕೇ ಹೂಂ ಎನ್ನುತ್ತಾರೆ, ಬೇಡವೆನ್ನುವ ಶಿಸ್ತು ಒಬ್ಬರಿಗೂ ಇಲ್ಲ. ಆರಕ್ಕೆ ಅವರ ಅಪ್ಪ ಅಮ್ಮಂದಿರ ಮೆಸೇಜು ಬರುತ್ತದೆ, ಮಕ್ಕಳು ಹೊರಡುತ್ತಾರೆ. ಬಾಗಿಲು ಹಾಕುವ ಮೊದಲು ನಾನು ಒಂದು ಗಳಿಗೆ ಅಂಗಳ ನೋಡುತ್ತೇನೆ. ನಾನು ಮನೆಯಲ್ಲೇ ಇದ್ದೇನೆ, ಯಾರಿಂದಲೂ ತಪ್ಪಿಸಿಕೊಂಡಿಲ್ಲ. ಆದರೆ ಪಂಚೆಯ ಕೆಳಗೆ ಬೂಟು ಹಾಕಿಕೊಂಡು, ಮಂಜುಗಡ್ಡೆಯ ಮೇಲೆ ತಡವರಿಸುತ್ತ, ನನ್ನನ್ನು ಹುಡುಕಿಕೊಂಡು ಬರುವವರು ಇನ್ನು ಯಾರೂ ಇಲ್ಲ.